ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗ್ಗದ ಅಕ್ಕಿಯ ಖರ್ಚು ಯಾರ ತಲೆಗೆ?

ಈ ತಿಂಗಳ ಅಂಚೆಯಲ್ಲಿ ಬಂದ ಪತ್ರಗಳ ಪೈಕಿ ಹೆಚ್ಚಿನವು ತುಂಗಭದ್ರೆಯ ಎರಡೂ ದಂಡೆಗಳ ಊರುಗಳಿಂದ, ಅಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬಂದವು. ಭತ್ತ ಬೆಳೆಯುವವರು, ಖಾನಾವಳಿ ನಡೆಸುವವರು, ಸರ್ಕಾರಿ ನೌಕರರು, ಓದುವ ಮಕ್ಕಳು, ಗುಳೆ ಹೋಗಿ ಬಂದವರು ಬರೆದಿದ್ದಾರೆ. ಕೇಳಿದ ಮಾತುಗಳು ಬೇರೆಬೇರೆಯಾದರೂ, ದಿಲ್ಲಿಯಲ್ಲೋ ವಿಧಾನಸೌಧದಲ್ಲೋ ಆಗುವ ಒಂದು ತೀರ್ಮಾನ ತಮ್ಮ ಮನೆಯ ಲೆಕ್ಕವನ್ನು ಹೇಗೆ ಏರುಪೇರು ಮಾಡುತ್ತದೆ, ಅದರಲ್ಲಿ ನ್ಯಾಯ ಎಷ್ಟು ಎಂಬುದೇ ಎಲ್ಲರ ಕಳವಳ. ಆದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡಿದ್ದೇನೆ.

ಪ್ರಶ್ನೆ: ಕಾರಟಗಿ ಹತ್ತಿರ ಎಡದಂಡೆ ನಾಲೆಯ ಕೆಳಗೆ ನಮ್ಮದು ಆರು ಎಕರೆ ಗದ್ದೆ ಇದೆ. 2023ರಲ್ಲಿ ಅಕ್ಕಿಯ ರಫ್ತು ನಿಲ್ಲಿಸಿದ ಸುದ್ದಿ ನಮಗೆ ಮೊದಲು ತಿಳಿದದ್ದು ದಲಾಲಿ ಅಂಗಡಿಯ ಕಟ್ಟೆಯ ಮೇಲೆ. ಬಡವರಿಗೆ ಅಕ್ಕಿ ಅಗ್ಗವಾಗಿ ಸಿಗಲಿ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಅದಕ್ಕಾಗಿ ನಮ್ಮ ಭತ್ತದ ಬೆಲೆಯನ್ನು ಕಟ್ಟಿಹಾಕುವುದು ನ್ಯಾಯವೇ?

ಉತ್ತರ: ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ. ಆದರೆ ಅಷ್ಟನ್ನೇ ಹೇಳಿ ಮುಗಿಸಿದರೆ ನಿಮ್ಮ ಪತ್ರಕ್ಕೆ ಅನ್ಯಾಯ ಮಾಡಿದಂತಾಗುತ್ತದೆ; ಆ ಒಂದು ವರ್ಷದಲ್ಲಿ ಅಕ್ಕಿಯ ಸುತ್ತ ನಡೆದುದನ್ನು ಸಾಲಾಗಿ ಇಟ್ಟು ನೋಡಬೇಕು.

2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ನುಚ್ಚಕ್ಕಿಯ ರಫ್ತನ್ನು ನಿಲ್ಲಿಸಿತು. 2023ರ ಜೂನ್‌ನಲ್ಲಿ ತನ್ನ ದಾಸ್ತಾನಿನ ಅಕ್ಕಿ ಮತ್ತು ಗೋಧಿಯನ್ನು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯ ಸರ್ಕಾರಗಳಿಗೆ ಮಾರುವುದನ್ನು ಕೈಬಿಟ್ಟಿತು. ಅನ್ನಭಾಗ್ಯಕ್ಕೆ ಬೇಕಾದ ಹೆಚ್ಚುವರಿ ಐದು ಕಿಲೋ ಅಕ್ಕಿಯನ್ನು ಹೊಂದಿಸಲಾಗದ ನಮ್ಮ ರಾಜ್ಯ ಸರ್ಕಾರ, ಜುಲೈನಿಂದ ಕಿಲೋಗೆ 34 ರೂಪಾಯಿ ಲೆಕ್ಕ ಹಿಡಿದು ಒಬ್ಬರಿಗೆ ತಿಂಗಳಿಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕತೊಡಗಿತು. ಅದೇ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧವಾಯಿತು; ಆಗಸ್ಟ್‌ನಲ್ಲಿ ಕುಸುಬಲಕ್ಕಿಯ ರಫ್ತಿಗೆ ಶೇ. 20 ಸುಂಕ ಬಿತ್ತು. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಸೋನಾ ಮಸೂರಿ ಆ ನಿಷೇಧದ ಒಳಗೇ ಸಿಕ್ಕಿಕೊಂಡಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು. ಅಂದರೆ ಹದಿನಾಲ್ಕು ತಿಂಗಳು, ಒಂದು ಪೂರ್ತಿ ಸುಗ್ಗಿಯನ್ನು ನುಂಗಿಕೊಂಡ ಮೇಲೆ.

ಆ ವರ್ಷ ಬರವೂ ಬಂದಿತ್ತೆಂಬುದನ್ನು ಮರೆಯುವಂತಿಲ್ಲ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದ ವರ್ಷ ಅದು. ತುಂಗಭದ್ರಾ ಜಲಾಶಯ ತುಂಬಲಿಲ್ಲ. ಎರಡನೆಯ ಬೆಳೆಗೆ ನಾಲೆಯಲ್ಲಿ ನೀರು ಬರಲಿಲ್ಲ. ಬೆಳೆ ಕೈಕೊಟ್ಟ ವರ್ಷದಲ್ಲಿ ರೈತನಿಗೆ ಉಳಿಯುವ ಆಸರೆ ಒಂದೇ, ಕಡಿಮೆ ಮಾಲಿಗೆ ಹೆಚ್ಚು ಬೆಲೆ ಸಿಕ್ಕೀತು ಎಂಬುದು. ಸರಿಯಾಗಿ ಅದೇ ಹೊತ್ತಿನಲ್ಲಿ ಸರ್ಕಾರ ಹೊರಗಿನ ಪೇಟೆಯ ಬಾಗಿಲನ್ನು ಮುಚ್ಚಿತು.

ಬೆಂಬಲ ಬೆಲೆ ಇರಲಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇತ್ತು, 2023-24ಕ್ಕೆ ಎ ದರ್ಜೆಯ ಭತ್ತಕ್ಕೆ ಕ್ವಿಂಟಲಿಗೆ 2,203 ರೂಪಾಯಿ. ಆದರೆ ಆ ವರ್ಷ ಸೋನಾ ಮಸೂರಿಗೆ ಪೇಟೆಯಲ್ಲಿ ಅದಕ್ಕಿಂತ ಮೇಲಿನ ಬೆಲೆಯೇ ನಡೆಯುತ್ತಿದ್ದುದರಿಂದ ಬೆಂಬಲ ಬೆಲೆ ಯಾವ ಉಪಯೋಗಕ್ಕೂ ಬರಲಿಲ್ಲ. ಕೆಳಗೆ ಬೀಳದಂತೆ ಹಿಡಿಯುವುದು ಬೆಂಬಲ ಬೆಲೆಯ ಕೆಲಸ. ಮೇಲೇರುತ್ತಿದ್ದ ಬೆಲೆಯನ್ನು ಸರ್ಕಾರವೇ ತಡೆದು ನಿಲ್ಲಿಸಿದರೆ ಅದಕ್ಕೆ ಪರಿಹಾರ ಕೊಡುವ ಏರ್ಪಾಡು ನಮ್ಮಲ್ಲಿ ಇಲ್ಲ.

ನೀವು ಪತ್ರದ ಜೊತೆ ಕಳುಹಿಸಿದ ಲೆಕ್ಕದ ಪಟ್ಟಿ ನನ್ನ ಮುಂದಿದೆ. ದಲಾಲಿ ಅಂಗಡಿಯ ತೆಳು ಗುಲಾಬಿ ಕಾಗದದ ಮೇಲೆ ನೀಲಿ ಕಾರ್ಬನ್ನಿನ ಅಕ್ಷರ, ಎಣ್ಣೆ ತಾಗಿದ ಒಂದು ಮೂಲೆ. ಎಡಗಡೆ ಚೀಲಗಳ ಎಣಿಕೆ, ಬಲಗಡೆ ಹಮಾಲಿ, ತೂಕ, ಲಾರಿ ಬಾಡಿಗೆ, ಮೊದಲೇ ಎತ್ತಿದ್ದ ಗೊಬ್ಬರದ ಹಣ, ಅದರ ಬಡ್ಡಿ ಎಂದು ಒಂದೊಂದಾಗಿ ಮುರಿದುಕೊಂಡು, ಅಡಿಯಲ್ಲಿ ಉಳಿದ ಮೊತ್ತವನ್ನು ಎರಡು ಗೆರೆ ಎಳೆದು ಬರೆದಿದ್ದಾರೆ. ನಿಮ್ಮ ಕಡೆ ಭತ್ತ ಅಳೆಯುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ಎಕರೆಗೆ 35 ಚೀಲವೆಂದು ಹಿಡಿದರೆ ಆರು ಎಕರೆಗೆ 210 ಚೀಲ. ನಿಷೇಧದಿಂದ ಕ್ವಿಂಟಲಿಗೆ ನೂರೇ ರೂಪಾಯಿ ತಪ್ಪಿತೆಂದು ಇಟ್ಟುಕೊಳ್ಳೋಣ. ಚೀಲಕ್ಕೆ 75 ರೂಪಾಯಿ, ಒಟ್ಟು 15,750 ರೂಪಾಯಿ. ನಿಮ್ಮ ಪಟ್ಟಿಯಲ್ಲಿ ಗೊಬ್ಬರದ ಬಾಕಿಯೆಂದು ಮುರಿದುಕೊಂಡ ಮೊತ್ತ ಇದಕ್ಕೆ ಹೆಚ್ಚುಕಡಿಮೆ ಸರಿಸಮ. ಮುರಿದುಕೊಂಡದ್ದಕ್ಕೆ ಪಟ್ಟಿಯಲ್ಲಿ ಒಂದು ಸಾಲಾದರೂ ಇರುತ್ತದೆ; ಬಾರದೆ ಹೋದ ಬೆಲೆಗೆ ಯಾವ ಪಟ್ಟಿಯಲ್ಲೂ ಸಾಲಿಲ್ಲ. ಇಂಥ ತೀರ್ಮಾನಗಳು ಸುಲಭವಾಗಿ ದಕ್ಕಿಬಿಡುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಡೆಯ ಮಾತನ್ನೂ ನಿಮ್ಮ ಮುಂದಿಡಬೇಕು. ನಿಮ್ಮ ಗದ್ದೆಯಲ್ಲಿ ಸಸಿ ನಾಟಿ ಮಾಡುವ ಹೆಣ್ಣುಮಕ್ಕಳು ಅಕ್ಕಿಯನ್ನು ಕೊಂಡು ಉಣ್ಣುವವರು. 2012ನ್ನು ಆಧಾರ ವರ್ಷವಾಗಿ ಇಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಹಳ್ಳಿಯ ಮನೆಯ ಖರ್ಚಿನ ನೂರು ಪಾಲಿನಲ್ಲಿ 54 ಪಾಲು ಆಹಾರ ಪಾನೀಯದ್ದೇ. ಅಕ್ಕಿ ಕಿಲೋಗೆ ಐದು ರೂಪಾಯಿ ಏರಿದರೆ ಸಂಬಳದವರ ಮನೆಯಲ್ಲಿ ಅದು ಒಂದು ಗೊಣಗಾಟ, ಕೂಲಿಯವರ ಮನೆಯಲ್ಲಿ ಬೇಳೆಯ ಸಾರು ತೆಳುವಾಗುವ ಸಂಗತಿ. ಸರ್ಕಾರ ಅಕ್ಕಿಯ ಬೆಲೆಯ ಬಗ್ಗೆ ಚಿಂತಿಸಿದ್ದು ತಪ್ಪಲ್ಲ. ಆ ಚಿಂತೆಯ ಖರ್ಚನ್ನು ಯಾರಿಂದ ವಸೂಲು ಮಾಡಿತು ಎಂಬಲ್ಲಿ ತಪ್ಪಿದೆ.

ಅದೇ ಸರ್ಕಾರ 2024ರ ಫೆಬ್ರವರಿಯಲ್ಲಿ ‘ಭಾರತ್ ಅಕ್ಕಿ’ ಎಂದು ಕಿಲೋಗೆ 29 ರೂಪಾಯಿಯಂತೆ ಪೊಟ್ಟಣ ಮಾಡಿ ಮಾರಿತು. ಅಲ್ಲಿ ರಿಯಾಯಿತಿಯ ಹೊರೆ ಬೊಕ್ಕಸದ ಮೇಲೆ ಬಿತ್ತು, ಅಂದರೆ ದೇಶದ ಎಲ್ಲ ತೆರಿಗೆದಾರರ ಮೇಲೆ ಹಂಚಿಹೋಯಿತು. ರಫ್ತು ನಿಷೇಧದಲ್ಲಾದರೋ ಅದೇ ಬಗೆಯ ರಿಯಾಯಿತಿಯ ಹೊರೆ ಭತ್ತ ಬೆಳೆದವರ ಮೇಲೆ ಮಾತ್ರ ಬಿತ್ತು. ಅವರಲ್ಲಿಯೂ ಗುತ್ತಿಗೆಗೆ ಗದ್ದೆ ಮಾಡಿದವರ ಮೇಲೆ ಇನ್ನಷ್ಟು ಬಿತ್ತು, ಏಕೆಂದರೆ ಭತ್ತದ ಬೆಲೆ ಇಳಿದರೂ ಭೂಮಾಲೀಕರಿಗೆ ಒಪ್ಪಿಕೊಂಡ ಗುತ್ತಿಗೆ ಇಳಿಯುವುದಿಲ್ಲ. ಒಬ್ಬರಿಗೆ ನೆರವು ಕೊಡಬೇಕಾದಾಗ ಅದರ ಖರ್ಚು ಬೊಕ್ಕಸದಿಂದ ಬರಬೇಕು. ಇನ್ನೊಬ್ಬ ದುಡಿಯುವವನ ಜೇಬಿನಿಂದ, ಅವನಿಗೆ ಹೇಳದೆ ಕೇಳದೆ, ಬರಬಾರದು. ಈ ಅಂಕಣದ ಉಳಿದ ಪತ್ರಗಳನ್ನೂ ನಾನು ಇದೇ ಅಳತೆಗೋಲಿನಿಂದ ನೋಡಿದ್ದೇನೆ.

ಪ್ರಶ್ನೆ: ಕೇಂದ್ರವು ಹತ್ತಿಯ ಆಮದು ಸುಂಕ ತೆಗೆದದ್ದರಿಂದ ರಾಯಚೂರು ಸೀಮೆಯ ನಮಗೆ ಏನು ಹಾನಿ? ಬೆಂಬಲ ಬೆಲೆ ಇದ್ದೇ ಇದೆಯಲ್ಲ ಎಂದು ನಮ್ಮೂರಿನವರೇ ಒಬ್ಬರು ವಾದಿಸುತ್ತಾರೆ. — ರಾಯಚೂರು ತಾಲ್ಲೂಕಿನ ಹತ್ತಿ ಬೆಳೆಗಾರ

ಉತ್ತರ: ಅಮೆರಿಕ ನಮ್ಮ ಬಟ್ಟೆಯ ಮೇಲೆ ಶೇ. 50 ಸುಂಕ ಹೇರಿದ 2025ರ ಆಗಸ್ಟ್‌ನಲ್ಲಿ, ಗಿರಣಿಗಳಿಗೆ ಕಚ್ಚಾ ಮಾಲು ಅಗ್ಗವಾಗಲೆಂದು ಕೇಂದ್ರವು ಹತ್ತಿಯ ಮೇಲಿದ್ದ ಶೇ. 11 ಆಮದು ಸುಂಕವನ್ನು ಮೊದಲು ಸೆಪ್ಟೆಂಬರ್ ಕೊನೆಯವರೆಗೆ, ಆಮೇಲೆ ಡಿಸೆಂಬರ್ 31ರವರೆಗೆ ಕೈಬಿಟ್ಟಿತು. ಆ ಎರಡನೆಯ ಅವಧಿ ನಮ್ಮ ಸೀಮೆಯಲ್ಲಿ ಹತ್ತಿ ಬಿಡಿಸಿ ಪೇಟೆಗೆ ತರುವ ಕಾಲ. ಗಿರಣಿಗಳು ಮುಚ್ಚಿದರೆ ಅಲ್ಲಿಯ ಕಾರ್ಮಿಕರು ಬೀದಿಗೆ ಬೀಳುತ್ತಾರೆ. ಅವರನ್ನು ಕಾಯುವುದು ಸರ್ಕಾರದ ಕರ್ತವ್ಯವೇ. ಆದರೆ ಬಡ್ಡಿಯ ರಿಯಾಯಿತಿಯಿಂದಲೋ ನೇರ ಸಹಾಯಧನದಿಂದಲೋ ಅದನ್ನು ಮಾಡಬಹುದಿತ್ತು.

ಬೆಂಬಲ ಬೆಲೆಯ ಮಾತಿಗೆ ಬಂದರೆ, 2025-26ಕ್ಕೆ ಉದ್ದ ಎಳೆಯ ಹತ್ತಿಗೆ ಕ್ವಿಂಟಲಿಗೆ 8,110 ರೂಪಾಯಿ ಇದೆ. ಅದನ್ನು ಪಡೆಯಲು ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರಕ್ಕೆ ಒಯ್ಯಬೇಕು, ತೇವಾಂಶ ಶೇ. 8ರೊಳಗಿದ್ದರೆ ಪೂರ್ತಿ ಬೆಲೆ, ಶೇ. 12ರವರೆಗೆ ಕಡಿತ, ಅದರ ಮೇಲಿದ್ದರೆ ಕೊಳ್ಳುವುದೇ ಇಲ್ಲ. ಹಿಂಗಾರಿನ ಮಳೆಯಲ್ಲಿ ನೆನೆದ ಹತ್ತಿಯನ್ನು ಒಣಗಿಸಲು ಮನೆಯ ಮಾಳಿಗೆಯ ಹೊರತು ಬೇರೆ ಜಾಗವಿಲ್ಲದವರು ಅದನ್ನು ದಲಾಲಿಗೇ ಹಾಕುತ್ತಾರೆ. ನಿಮ್ಮೂರಿನ ಆ ಹಿರಿಯರಿಗೆ ಇಷ್ಟನ್ನು ಹೇಳಿ.

ಪ್ರಶ್ನೆ: ಸಿಂಧನೂರಿನಲ್ಲಿ ನಾನೂ ನನ್ನ ತಂಗಿಯೂ ಸೇರಿ ಸಣ್ಣದೊಂದು ರೊಟ್ಟಿ ಖಾನಾವಳಿ ನಡೆಸುತ್ತೇವೆ. ಊಟಕ್ಕೆ ಬಂದ ಅಧಿಕಾರಿಯೊಬ್ಬರು ‘ನಿಮ್ಮಂಥವರು ತೆರಿಗೆ ಕಟ್ಟುವುದಿಲ್ಲ, ಸವಲತ್ತು ಮಾತ್ರ ಕೇಳುತ್ತೀರಿ’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ನಾವು ತೆರಿಗೆ ಕಟ್ಟುತ್ತೇವೋ ಇಲ್ಲವೋ?

ಉತ್ತರ: ಅಕ್ಕಾ, ನೀವು ದಿನವೂ ತೆರಿಗೆ ಕಟ್ಟುತ್ತೀರಿ. ಒಲೆ ಹಚ್ಚುವ ಹೊತ್ತಿಗೇ ಅದು ಶುರುವಾಗುತ್ತದೆ. ಮನೆಯ ಅಡುಗೆ ಅನಿಲಕ್ಕೆ ಜಿಎಸ್‌ಟಿ ಶೇ. 5, ನೀವು ಖಾನಾವಳಿಗೆ ತರಿಸುವ ವಾಣಿಜ್ಯ ಸಿಲಿಂಡರಿಗೆ ಶೇ. 18. ಅಡುಗೆ ಎಣ್ಣೆಗೆ ಶೇ. 5. ಚೀಟಿ ಅಂಟಿಸಿದ ಹಿಟ್ಟು, ಬೇಳೆ, ಮೊಸರಿಗೆ 2022ರ ಜುಲೈ 18ರಿಂದ ಶೇ. 5. ಸಂತೆಯಲ್ಲಿ ಅಳೆದು ತರುವ ಬಿಡಿ ಜೋಳಕ್ಕೆ ಮಾತ್ರ ತೆರಿಗೆಯಿಲ್ಲ.

ಇದರಲ್ಲಿ ನಿಮ್ಮಂಥವರಿಗೆ ಮಾತ್ರ ತಟ್ಟುವ ಒಂದು ಸೂಕ್ಷ್ಮವಿದೆ. ದೊಡ್ಡ ಉದ್ದಿಮೆಗಳು ತಾವು ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆಯನ್ನು, ತಾವು ಸರ್ಕಾರಕ್ಕೆ ಸಲ್ಲಿಸಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವ ನಿಮ್ಮಂಥ ಖಾನಾವಳಿಗೆ ನೋಂದಣಿಯ ಕಟ್ಟಳೆ ಇಲ್ಲ. ಅದು ಅನುಕೂಲವೇ ಸರಿ, ಆದರೆ ನೋಂದಣಿ ಇಲ್ಲದವರಿಗೆ ವಜಾ ಮಾಡಿಕೊಳ್ಳುವ ಹಕ್ಕೂ ಇಲ್ಲ. ಸಿಲಿಂಡರಿನ ಮೇಲೆ, ಎಣ್ಣೆಯ ಮೇಲೆ, ಸ್ಟೀಲಿನ ತಟ್ಟೆಗಳ ಮೇಲೆ ನೀವು ಕಟ್ಟಿದ ತೆರಿಗೆ ನಿಮ್ಮ ತಲೆಯ ಮೇಲೆಯೇ ನಿಲ್ಲುತ್ತದೆ. ಅದನ್ನು ಊಟದ ಬೆಲೆಗೆ ಸೇರಿಸೋಣವೆಂದರೆ, ಮುಂಜಾನೆಯಿಂದ ಚೀಲ ಹೊತ್ತು ಬಂದ ಹಮಾಲರು ಐದು ರೂಪಾಯಿ ಏರಿದ್ದಕ್ಕೇ ಪಕ್ಕದ ಬಂಡಿಗೆ ಹೋಗುತ್ತಾರೆ ಎಂದು ನೀವೇ ಬರೆದಿದ್ದೀರಿ.

ಅಕ್ಕಿಯ ಚೀಲವನ್ನೇ ನೋಡಿ. 25 ಕಿಲೋವರೆಗಿನ ಚೀಟಿ ಅಂಟಿಸಿದ ಚೀಲಕ್ಕೆ ತೆರಿಗೆ ಬಿತ್ತು. ಅದಕ್ಕಿಂತ ದೊಡ್ಡದಕ್ಕೆ ಇಲ್ಲ. ಕೂಡಲೇ ಗಿರಣಿಗಳು 26 ಕಿಲೋ ಚೀಲ ತಂದವು. ಒಮ್ಮೆಗೇ 26 ಕಿಲೋ ಕೊಳ್ಳುವ ಶಕ್ತಿ ಇದ್ದವರ ಅಕ್ಕಿಗೆ ತೆರಿಗೆ ಸೊನ್ನೆ. ವಾರದ ಬಟವಾಡೆಯಲ್ಲಿ ಐದು ಕಿಲೋ ಪೊಟ್ಟಣ ಒಯ್ಯುವವರಿಗೆ ನೂರಕ್ಕೆ ಐದು. ಸಣ್ಣವರಿಗೆ ಹೊರೆಯಾಗಲೆಂದು ಯಾರೂ ಈ ನಿಯಮ ಮಾಡಿರಲಿಕ್ಕಿಲ್ಲ. ಆದರೆ ನಿಯಮ ಮಾಡುವ ಕೋಣೆಯಲ್ಲಿ ಐದು ಕಿಲೋ ಕೊಳ್ಳುವವರು ಒಬ್ಬರಾದರೂ ಕುಳಿತಿದ್ದರೆ ಇದು ಅಂದೇ ಕಣ್ಣಿಗೆ ಬೀಳುತ್ತಿತ್ತು.

2025ರ ಸೆಪ್ಟೆಂಬರ್ 22ರಿಂದ ದರಗಳು ಬದಲಾಗಿ, ಸಾಬೂನು, ಹಲ್ಲುಜ್ಜುವ ಪೇಸ್ಟು, ತಲೆಎಣ್ಣೆ, ಬಿಸ್ಕತ್ತುಗಳ ತೆರಿಗೆ ಶೇ. 18ರಿಂದ ಶೇ. 5ಕ್ಕೆ ಇಳಿದದ್ದು ನಿಜವಾದ ಉಪಕಾರ. ತೆರಿಗೆಗೆ ಮುಂಚೆ ನೂರು ರೂಪಾಯಿ ಇದ್ದ ಮಾಲು 118ರಿಂದ 105ಕ್ಕೆ ಬರಬೇಕು. ನಿಮ್ಮ ಅಂಗಡಿಯವರು ಹಾಗೆ ಕೊಡುತ್ತಿದ್ದಾರೆಯೇ ಎಂದು ಪೊಟ್ಟಣದ ಮೇಲಿನ ಬೆಲೆ ನೋಡಿಯೇ ಕೊಳ್ಳಿ. ಆದರೂ ಈ ಬಗೆಯ ತೆರಿಗೆಯ ಸ್ವಭಾವ ಬದಲಾಗುವುದಿಲ್ಲ. ತಿಂಗಳಿಗೆ 12,000 ರೂಪಾಯಿ ದುಡಿಯುವ ಮನೆಯೂ 1,20,000 ರೂಪಾಯಿ ದುಡಿಯುವ ಮನೆಯೂ ಒಂದೇ ಎಣ್ಣೆಯ ಡಬ್ಬಿಗೆ ಒಂದೇ ತೆರಿಗೆ ಕೊಡುತ್ತವೆ. ಮೊದಲನೆಯ ಮನೆಗೆ ಅದು ಹತ್ತು ಪಟ್ಟು ಭಾರ. ನಿಮ್ಮ ಅಧಿಕಾರಿಗಳು ಮತ್ತೆ ಊಟಕ್ಕೆ ಬಂದರೆ ಸಿಲಿಂಡರಿನ ರಸೀದಿಯನ್ನು ತೋರಿಸಿ.

ಪ್ರಶ್ನೆ: ನಾನು ಬಳ್ಳಾರಿಯಲ್ಲಿ ಸರ್ಕಾರಿ ನೌಕರ. ಗ್ಯಾರಂಟಿ ಯೋಜನೆಗಳಿಗೆ ಸಾವಿರಾರು ಕೋಟಿ ಸುರಿಯುವುದರಿಂದ ರಸ್ತೆ, ಶಾಲೆ, ಆಸ್ಪತ್ರೆಗಳಿಗೆ ಹಣವಿಲ್ಲದಂತಾಗಿದೆ. ದುಡಿದು ತೆರಿಗೆ ಕಟ್ಟುವವರ ಹಣವನ್ನು ಬಿಟ್ಟಿ ಹಂಚುವುದು ಸಾಮಾಜಿಕ ನ್ಯಾಯವೆನಿಸುತ್ತದೆಯೇ?

ಉತ್ತರ: ದುಡಿದು ತೆರಿಗೆ ಕಟ್ಟುವವರು ಯಾರು ಎಂಬುದಕ್ಕೆ ಮೇಲಿನ ಉತ್ತರವನ್ನು ದಯವಿಟ್ಟು ಓದಿ. ಇನ್ನು ಲೆಕ್ಕ. 2025-26ರ ರಾಜ್ಯ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಇಟ್ಟದ್ದು 51,034 ಕೋಟಿ. ಎಂಟರಲ್ಲಿ ಒಂದು ಪಾಲು. ಇದು ಸಣ್ಣ ಮೊತ್ತವಲ್ಲ, ನಿಮ್ಮ ಆತಂಕ ಹುರುಳಿಲ್ಲದ್ದೂ ಅಲ್ಲ. ಆದರೆ ‘ಬಿಟ್ಟಿ’ ಎಂಬ ಮಾತನ್ನು ನಾವು ಎಲ್ಲರಿಗೂ ಒಂದೇ ಸಮನಾಗಿ ಬಳಸುವುದಿಲ್ಲ ಎಂಬುದನ್ನು ಗಮನಿಸಿ. 2019ರ ಸೆಪ್ಟೆಂಬರ್‌ನಲ್ಲಿ ಕಂಪನಿಗಳ ಆದಾಯ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದಾಗ, ಅದರಿಂದ ಬೊಕ್ಕಸಕ್ಕೆ ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಖೋತಾ ಆಗುತ್ತದೆಂದು ಕೇಂದ್ರ ಸರ್ಕಾರವೇ ಅಂದಾಜು ಹೇಳಿತು. 2025ರ ಕೇಂದ್ರ ಬಜೆಟ್ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲದಂತೆ ಮಾಡಿದಾಗ ನಿಮ್ಮಂಥ, ನನ್ನಂಥ ಸಂಬಳದವರಿಗೆ ನೆಮ್ಮದಿಯಾಯಿತು. ಅವನ್ನು ಪ್ರೋತ್ಸಾಹ ಎನ್ನುತ್ತೇವೆ, ಪರಿಹಾರ ಎನ್ನುತ್ತೇವೆ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಮಾತ್ರ ಬೇರೆ ಹೆಸರು ಇಡುವುದು ಸರಿಯಲ್ಲ.

ಆ ಎರಡು ಸಾವಿರ ಮನೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ನಮ್ಮ ಓಣಿಯಲ್ಲಿ ಜೀನ್ಸ್ ಪ್ಯಾಂಟಿಗೆ ಗುಂಡಿ ಹಾಕುವ ಕೆಲಸವನ್ನು ಮನೆಗೆ ತಂದು ಮಾಡುವ ತಾಯಿಯೊಬ್ಬರು ಇದ್ದಾರೆ. ಹಣ ಬಂದ ತಿಂಗಳು ಅವರು ಮಗಳ ಟ್ಯೂಷನ್ ಫೀಯನ್ನು ಯಾರನ್ನೂ ಕೇಳದೆ ಕಟ್ಟುತ್ತಾರೆ. ಕಂತು ತಪ್ಪಿದ ತಿಂಗಳು ಸಂಘದ ಸಾಲದ ಪುಸ್ತಕವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗುವುದನ್ನು ನೋಡಿದ್ದೇನೆ. ಗಂಡನ ಕೈ ನೋಡದೆ ಖರ್ಚು ಮಾಡಬಹುದಾದ ಹಣ ಒಬ್ಬ ಹೆಣ್ಣುಮಗಳ ಹೆಸರಿನಲ್ಲಿ ಬರುವುದು ನಮ್ಮ ಸೀಮೆಯಲ್ಲಿ ಸಣ್ಣ ಸಂಗತಿಯಲ್ಲ.

ಇಷ್ಟು ಹೇಳಿದ ಮೇಲೆ, ಈ ಯೋಜನೆಗಳ ಹಣ ಎಲ್ಲಿಂದ ಬರುತ್ತಿದೆ ಎಂಬ ಕಡೆಗೆ ತಿರುಗೋಣ. ನನ್ನ ಅಸಮಾಧಾನ ಇರುವುದು ಅಲ್ಲಿ. ರಾಜ್ಯದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ. 14.3ರಿಂದ 18.4ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ. 21.17ಕ್ಕೆ ಏರಿತು. 2025ರ ಜನವರಿಯಲ್ಲಿ ಬಸ್ ದರ ಶೇ. 15 ಹೆಚ್ಚಿತು. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ಹೆಂಡತಿಯ ಟಿಕೆಟ್ ಉಳಿದ ಮನೆಯಲ್ಲಿ, ಗಂಡನ ಟಿಕೆಟ್ಟಿಗೂ ಟ್ರ್ಯಾಕ್ಟರಿನ ಡೀಸೆಲ್ಲಿಗೂ ಹೆಚ್ಚು ಕೊಡಬೇಕಾಯಿತು. ಇದಕ್ಕಿಂತ ನೋವಿನದು ಇನ್ನೊಂದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಅಭಿವೃದ್ಧಿಗೆಂದು 2013ರ ಕಾಯ್ದೆಯಡಿ ಮೀಸಲಿಡುವ ಉಪಯೋಜನೆಗಳ ಹಣದಿಂದ 2023-24ರಲ್ಲಿ 11,000 ಕೋಟಿಗೂ ಹೆಚ್ಚು, 2024-25ರಲ್ಲಿ 14,000 ಕೋಟಿಗೂ ಹೆಚ್ಚು ಮೊತ್ತವನ್ನು ಗ್ಯಾರಂಟಿಗಳಿಗೆ ತೋರಿಸಲಾಯಿತು. ಆ ಸಮುದಾಯಗಳ ಫಲಾನುಭವಿಗಳಿಗೇ ಅದು ಹೋಗುತ್ತದೆಂಬುದು ಸರ್ಕಾರದ ಸಮಜಾಯಿಷಿ. ಹೋಗುತ್ತದೆ, ನಿಜ. ಆದರೆ ಅದೇ ಗ್ಯಾರಂಟಿಯನ್ನು ಉಳಿದೆಲ್ಲರಿಗೆ ಸಾಮಾನ್ಯ ಬೊಕ್ಕಸದಿಂದ ಕೊಡುವಾಗ, ಇವರಿಗೆ ಮಾತ್ರ ಇವರದೇ ಹಾಸ್ಟೆಲ್ಲಿನ, ಕೊಳವೆಬಾವಿಯ, ಭೂ ಒಡೆತನದ ಹಣದಿಂದ ಕೊಟ್ಟಂತಾಯಿತು. ಬಡವರಿಗೆ ಕೊಡುವುದನ್ನು ಬಡವರಿಂದಲೇ ತೆಗೆದು ಕೊಡುವ ಈ ಪದ್ಧತಿಗೆ ನನ್ನ ವಿರೋಧವಿದೆ, ಯೋಜನೆಗಳಿಗಲ್ಲ.

ಶಕ್ತಿಯ ಬಗ್ಗೆ ಒಂದು ಮಾತು ಉಳಿದಿದೆ. ಉಚಿತ ಟಿಕೆಟ್ ಸಿಗಬೇಕಾದರೆ ಮೊದಲು ಬಸ್ಸು ಬರಬೇಕು. ಮೆಣಸಿನಕಾಯಿ, ಹತ್ತಿ ಬಿಡಿಸಲು ಬೆಳಗಿನ ಆರಕ್ಕೇ ಹೊರಡುವ ಹೆಣ್ಣುಮಕ್ಕಳು ಇಂದಿಗೂ ಟಂಟಂ, ಗೂಡ್ಸ್ ಗಾಡಿಗಳಲ್ಲಿ ಇಪ್ಪತ್ತು ಮೂವತ್ತು ಜನ ಒತ್ತಿಕೊಂಡು ನಿಂತೇ ಹೋಗುತ್ತಾರೆ. ಅವರಿಗೆ ಬಾಡಿಗೆಯೂ ತಪ್ಪಿಲ್ಲ, ಅಪಾಯವೂ ತಪ್ಪಿಲ್ಲ.

ಪ್ರಶ್ನೆ: 371(ಜೆ) ಬಂದ ಮೇಲೂ ನಮ್ಮ ಭಾಗ ಹಿಂದುಳಿದಿದೆ ಎನ್ನುವುದೇಕೆ? — ಕೊಪ್ಪಳದ ಪದವಿ ವಿದ್ಯಾರ್ಥಿನಿ

ಉತ್ತರ: ತಂಗಿ, ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ ಅತ್ಯಂತ ಹಿಂದುಳಿದ 39ರಲ್ಲಿ 21 ನಮ್ಮ ಅಂದಿನ ಗುಲಬರ್ಗಾ ವಿಭಾಗದವು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಆ ಅಂತರವನ್ನು ತುಂಬಲು ದೊರೆತ ಸಾಧನ. ಪ್ರಾದೇಶಿಕ ಹುದ್ದೆಗಳಲ್ಲಿ ಸ್ಥಳೀಯರಿಗೆ ಸಿ ದರ್ಜೆಯಲ್ಲಿ ಶೇ. 80, ಡಿ ದರ್ಜೆಯಲ್ಲಿ ಶೇ. 85 ಮೀಸಲಾತಿ ಸಿಕ್ಕಿತು. ಕಾಲೇಜುಗಳ ಸೀಟುಗಳಲ್ಲಿ ಶೇ. 70. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚೆಗೆ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಆದರೆ ಹುದ್ದೆಯನ್ನೇ ಭರ್ತಿ ಮಾಡದಿದ್ದರೆ ಅದರ ಶೇ. 80 ಎಷ್ಟು? ಮಂಡಳಿಯ ಹಣ ರಾಜ್ಯದ ಇಲಾಖೆಗಳು ಮಾಡಬೇಕಾದ ಖರ್ಚಿಗೆ ಹೆಚ್ಚುವರಿಯಾಗಿ ಸೇರಬೇಕು. ಇಲಾಖೆಯೇ ಕಟ್ಟಬೇಕಾದ ಶಾಲೆಯ ಕೋಣೆಯನ್ನು ಮಂಡಳಿ ಕಟ್ಟಿ, ಇಲಾಖೆಯ ಹಣ ಬೇರೆ ಕಡೆಗೆ ಹೋದರೆ ಅಂತರ ಇದ್ದಲ್ಲಿಯೇ ಇರುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಕಾಮಗಾರಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಆಗಿದೆ ಎಂಬುದನ್ನು ನೀವು ಅರ್ಥಶಾಸ್ತ್ರದ ಕಿರುಯೋಜನೆಗೆ ಆರಿಸಿಕೊಳ್ಳಬಹುದು.

ಪ್ರಶ್ನೆ: ನಾವು ದೇವದುರ್ಗ ತಾಲ್ಲೂಕಿನವರು. ಊರಲ್ಲಿ ಉದ್ಯೋಗ ಖಾತರಿ ಕೆಲಸ ಮಾಡಿದರೆ ಕೂಲಿ ಯಾವಾಗ ಬರುತ್ತದೋ ಗೊತ್ತಿಲ್ಲವೆಂದು ಬೆಂಗಳೂರಿಗೆ ಗುಳೆ ಹೋಗಿ ಕಟ್ಟಡದ ಕೆಲಸ ಮಾಡಿಬಂದೆವು. ಕೂಲಿ ತಡವಾದರೆ ಕೇಳುವ ಹಕ್ಕು ನಮಗಿದೆಯೇ? ಗುಳೆ ಹೋದಾಗ ರೇಷನ್ ತಪ್ಪಿಹೋಗುವುದಕ್ಕೆ ಏನು ಮಾಡಬೇಕು?

ಉತ್ತರ: ರೇಷನ್ನಿನ ಮಾತು ಮೊದಲು, ಅದು ಸುಲಭದ್ದು. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ನಿಮ್ಮ ಪಾಲಿನ ಧಾನ್ಯವನ್ನು ಬೆಂಗಳೂರಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಒತ್ತಿ ಪಡೆಯಬಹುದು. ಮನೆಮಂದಿ ಅರ್ಧ ಊರಲ್ಲಿ, ಅರ್ಧ ಬೆಂಗಳೂರಿನಲ್ಲಿ ಇದ್ದರೆ ಪಾಲನ್ನು ಒಡೆದು ಎರಡೂ ಕಡೆ ತೆಗೆದುಕೊಳ್ಳುವ ಅವಕಾಶವಿದೆ. ಹೊರಡುವ ಮುನ್ನ ಚೀಟಿಯಲ್ಲಿರುವ ಎಲ್ಲರ ಆಧಾರ್ ಜೋಡಣೆ, ಇ-ಕೆವೈಸಿ ಮುಗಿದಿದೆಯೇ ಎಂದು ಊರಿನ ಅಂಗಡಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ಕಲ್ಲು, ಸಿಮೆಂಟಿನ ಕೆಲಸ ಮಾಡಿ ಬೆರಳಿನ ಗೆರೆ ಸವೆದ ಹಿರಿಯರದ್ದನ್ನು ಮೊದಲು ನೋಡಿ.

ಇನ್ನು ಕೂಲಿ. 2005ರ ಉದ್ಯೋಗ ಖಾತರಿ ಕಾಯ್ದೆ ವರ್ಷಕ್ಕೆ 100 ದಿನದ ಕೆಲಸದ ಜೊತೆಗೆ, ಹಾಜರಿ ಪಟ್ಟಿ ಮುಗಿದ 15 ದಿನದೊಳಗೆ ಕೂಲಿ ಕೊಡಬೇಕೆಂದೂ ವಿಧಿಸಿತ್ತು. ತಡವಾದರೆ ಹದಿನಾರನೆಯ ದಿನದಿಂದ ದಿನಕ್ಕೆ ಶೇ. 0.05 ಪರಿಹಾರ. ಲೆಕ್ಕ ಹಾಕಿ ನೋಡಿ. 2025-26ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 370 ರೂಪಾಯಿ. ಆರು ದಿನಕ್ಕೆ 2,220. ಅದಕ್ಕೆ ದಿನದ ಪರಿಹಾರ 1 ರೂಪಾಯಿ 11 ಪೈಸೆ, ತಿಂಗಳಿಗೆ ನೂರಕ್ಕೆ ಒಂದೂವರೆ ರೂಪಾಯಿ ಬಿತ್ತು. ಕೂಲಿ ಬರುವ ತನಕ ಮನೆ ನಡೆಸಲು ನೀವು ಊರ ಸಾಹುಕಾರರಲ್ಲಿ ತರುವ ಸಾಲಕ್ಕೆ ನೂರಕ್ಕೆ ಮೂರೋ ಐದೋ ಬಡ್ಡಿ. ಅಂದರೆ ಸರ್ಕಾರದ ವಿಳಂಬದ ಖರ್ಚನ್ನು ನೀವು ಹೊತ್ತಿರಿ. ನಿಮ್ಮ ಕೂಲಿಯನ್ನೇ ಕಡಿಮೆ ಬಡ್ಡಿಗೆ ಸರ್ಕಾರಕ್ಕೆ ಸಾಲ ಕೊಟ್ಟಂತಾಯಿತು. ಕಾರಟಗಿಯ ರೈತರಿಗೆ ಆದದ್ದೂ ನಿಮಗೆ ಆದದ್ದೂ ಒಂದೇ ಜಾತಿಯ ಅನ್ಯಾಯ.

ಕೇಳುವ ಹಕ್ಕು ನಿಮಗಿದೆ. ಕೆಲಸ ಬೇಕೆಂದು ಅರ್ಜಿ ಕೊಟ್ಟಾಗ ದಿನಾಂಕ ಹಾಕಿದ ಸ್ವೀಕೃತಿಯನ್ನು ಪಂಚಾಯಿತಿಯಿಂದ ತಪ್ಪದೆ ಪಡೆಯಿರಿ. ಅದಿಲ್ಲದಿದ್ದರೆ ಮುಂದಿನ ಯಾವ ಮಾತಿಗೂ ಆಧಾರವಿಲ್ಲ. ಹಾಜರಿ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ದಿನ ಬರೆದಿದ್ದಾರೆ ಎಂದು ವಾರದ ಕೊನೆಗೆ ಓದಿಸಿಕೊಳ್ಳಿ, ನಿಮ್ಮ ಜಾಬ್ ಕಾರ್ಡಿನಲ್ಲೂ ಅದನ್ನೇ ಬರೆಸಿ. ಕೂಲಿ ಬಾರದಿದ್ದರೆ ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಆಮೇಲೆ ತಾಲ್ಲೂಕು ಪಂಚಾಯಿತಿಗೆ ಲಿಖಿತವಾಗಿ ದೂರು ಕೊಡಿ. ಜಿಲ್ಲೆಯಲ್ಲಿ ಈ ದೂರುಗಳನ್ನೇ ವಿಚಾರಿಸುವ ಓಂಬುಡ್ಸ್‌ಮನ್ ಹುದ್ದೆಯೂ ಇದೆ. ಸಾಮಾಜಿಕ ಲೆಕ್ಕ ಪರಿಶೋಧನೆಯ ಗ್ರಾಮಸಭೆ ನಡೆಯುವ ದಿನ ನೀವು ಊರಿನಲ್ಲಿದ್ದರೆ ಜಾಬ್ ಕಾರ್ಡ್ ಹಿಡಿದುಕೊಂಡೇ ಹೋಗಿ. ಗುಳೆ ಹೋಗಿದ್ದರೆ ಮನೆಯಲ್ಲಿ ಉಳಿದ ತಾಯಿಯ ಕೈಯಲ್ಲಿ ಅದನ್ನು ಕೊಟ್ಟು, ಎಷ್ಟು ದಿನ ದುಡಿದಿರಿ, ಎಷ್ಟು ಬಂದಿದೆ ಎಂಬ ಎರಡು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗಿ.